ಹಾಕಿದೆ ಎಂದು ಯಾರೂ ಹೇಳದ ದಿನ

ನಮ್ಮ ಅತ್ತಿಗೆ ಬೈಯುವಾಗ ಅವಳಿಂದ ಯಾರಿಗೂ ಅಪಾಯವಿಲ್ಲ. ಸುಮ್ಮನಾದಾಗಲೇ ಹೆದರಬೇಕು. ಆ ಸಲ ಅವಳು ಅಣ್ಣನ ಜೊತೆ ಮಾತು ಬಿಟ್ಟು ಎರಡನೆಯ ವಾರ ನಡೆಯುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಆ ಗಾದೆ ಕಟ್ಟಿದವರು ನಮ್ಮ ಅತ್ತಿಗೆಯನ್ನು ಕಂಡಿರಲಿಲ್ಲ. ಇಬ್ಬರೂ ಉಣ್ಣುತ್ತಿದ್ದರು, ಮಲಗುತ್ತಿದ್ದರು, ಬೆಳಿಗ್ಗೆ ಎದ್ದು ಒಂದೇ ದೋಣಿಯ ಎರಡು ಪಕ್ಕ ಕೂತು ಕೆಲಸವನ್ನೂ ಮಾಡುತ್ತಿದ್ದರು. ಮಾತು ಮಾತ್ರ ಇರಲಿಲ್ಲ.

ಅಣ್ಣ ನನ್ನ ಒಡಹುಟ್ಟಿದವನು. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅತ್ತಿಗೆ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಅದಕ್ಕೇ ಅವಳು ಎಂದು ಬರೆಯುತ್ತಿದ್ದೇನೆ, ಮರ್ಯಾದೆ ಕಡಿಮೆ ಎಂದಲ್ಲ. ಹಳೆಯ ಸಣ್ಣ ಫೈಬರ್ ದೋಣಿಗಳನ್ನು ಅಗ್ಗಕ್ಕೆ ಕೊಂಡು ತಂದು, ರಿಪೇರಿ ಮಾಡಿ, ಹೊಸದು ಕೊಳ್ಳಲು ಕೈಯಲ್ಲಿ ಆಗದವರಿಗೆ ಮಾರುವುದು ಅವರ ಕಸುಬು. ಮನೆಯ ಹಿಂದೆ ತಗಡಿನ ಶೆಡ್ಡು, ಶೆಡ್ಡಿನ ಹಿಂದೆ ಇಳಿಜಾರು, ಇಳಿಜಾರಿನ ಕೊನೆಗೆ ಹಿನ್ನೀರು. ಆಚೆ ದಡ ಕಾಣುತ್ತದೆ, ಆದರೆ ಅಲ್ಲಿ ನಿಂತವರ ಮುಖ ಗುರುತು ಸಿಗುವುದಿಲ್ಲ, ಅಷ್ಟು ಅಗಲ.

ಮದುವೆಯಾಗಿ ಬಂದಾಗ ಅತ್ತಿಗೆಗೆ ದೋಣಿಯ ಮೂತಿ ಯಾವುದು ಬಾಲ ಯಾವುದು ತಿಳಿಯುತ್ತಿರಲಿಲ್ಲ. ಅವಳು ದರ್ಜಿಯ ಮಗಳು. ಒಂದು ದಿನ ಅಣ್ಣ ಗಾಜಿನ ನಾರಿನ ಮ್ಯಾಟನ್ನು ದೋಣಿಯ ಮೂಲೆಯಲ್ಲಿ ಮಡಿಸಿ, ಸುಕ್ಕು ಮಾಡಿ, ಬೆವರು ಸುರಿಸುತ್ತಿದ್ದ. ಅವಳು ಸ್ವಲ್ಪ ಹೊತ್ತು ನೋಡಿ, ಒಳಗಿನಿಂದ ಕತ್ತರಿ ತಂದು, ಅಂಗಿಯ ಕಂಕುಳಿಗೆ ಹೊಂದಿಸಿದ ಹಾಗೆ ಆ ಮೂಲೆಗೆ ಹೊಂದಿಸಿ ಕತ್ತರಿಸಿಕೊಟ್ಟಳಂತೆ. ಸುಕ್ಕಿಲ್ಲದೆ ಕೂತಿತು. ಆವತ್ತಿನಿಂದ ಅವಳ ಕತ್ತರಿ ಅಡುಗೆಮನೆಗೆ ಮರಳಲಿಲ್ಲ. ಮರಳುಕಾಗದದಿಂದ ದೋಣಿಯ ಮೈ ಉಜ್ಜಿ ನುಣುಪು ಮಾಡುವ ಕೆಲಸವೂ ಅವಳದೇ ಆಯಿತು. ವರ್ಷಗಳು ಹೋದ ಹಾಗೆ ತಟ್ಟಿ ನೋಡುವುದನ್ನೂ ಕಲಿತಳು. ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ದೋಣಿಯ ಮೈಯನ್ನು ಅಂಗೈಯಗಲ ಬಿಟ್ಟು ಬಿಟ್ಟು ತಟ್ಟುತ್ತಾ ಹೋಗುತ್ತಾಳೆ. ಗಟ್ಟಿ ಇದ್ದ ಕಡೆ ಟಣ್ ಎನ್ನುತ್ತದೆ, ಪದರ ಬಿಟ್ಟ ಕಡೆ ದೊಪ್ ಎನ್ನುತ್ತದೆ. ಒಳಗಿನ ಹಲಗೆ ಕೊಳೆತು ಲಡ್ಡಾಗಿದ್ದರೆ ಶಬ್ದವೇ ಇಲ್ಲ, ನುಂಗಿಬಿಡುತ್ತದೆ. ಮೇಲೆ ಎಷ್ಟು ಬಣ್ಣ ಬಳಿದಿರಲಿ, ಹೊಟ್ಟೆಯೊಳಗಿನ ರೋಗ ಅವಳಿಗೆ ಕೇಳಿಸುತ್ತದೆ.

ಕೊಳ್ಳಲು ಹೋದಾಗ ಅಣ್ಣ ಚೌಕಾಸಿ ಮಾಡುತ್ತಿರುತ್ತಾನೆ, ಅವಳು ಏನೂ ಅರಿಯದವಳ ಹಾಗೆ ಸುತ್ತ ತಟ್ಟುತ್ತಿರುತ್ತಾಳೆ. ದೋಣಿ ಕೆಟ್ಟಿದ್ದರೆ ಮಾರುವವನ ಹತ್ತಿರ ಕುಡಿಯಲು ನೀರು ಕೇಳುತ್ತಾಳೆ. ಅಣ್ಣ ಕೂಡಲೇ ಏನೋ ನೆಪ ಹೇಳಿ ಎದ್ದುಬಿಡುತ್ತಾನೆ. ಒಂದು ಬೇಸಿಗೆಯಲ್ಲಿ ಊರೆಲ್ಲ ಸುತ್ತಿ ಬರೀ ನೀರು ಕುಡಿದುಕೊಂಡು ಬಂದಿದ್ದರು. ಹೀಗೆ ಎಷ್ಟೋ ಸಲ ಅವನ ಕೈ ಸುಡುವುದು ತಪ್ಪಿದೆ. ಅವನು ಅದನ್ನು ಯಾರ ಹತ್ತಿರವೂ ಹೇಳಿಕೊಂಡವನಲ್ಲ, ಅದು ಬೇರೆ ಮಾತು.

ಜಗಳ ಹುಟ್ಟಿದ್ದು ಅಲ್ಲೇ. ಗುಜರಿಯವನ ಹಿತ್ತಿಲಲ್ಲಿ ಬೋರಲು ಬಿದ್ದಿದ್ದ ಒಂದು ನೀಲಿ ದೋಣಿಯನ್ನು ಅಣ್ಣ ಒಬ್ಬನೇ ಹೋಗಿ ಕೊಂಡುಬಿಟ್ಟ. ಅತ್ತಿಗೆಗೆ ಹೇಳಲಿಲ್ಲ, ಕರೆದುಕೊಂಡೂ ಹೋಗಲಿಲ್ಲ. ದೋಣಿಯನ್ನು ಗಾಡಿಯಲ್ಲಿ ತಂದು ಇಳಿಸಿದ ಗುಜರಿಯವನಿಗೆ ಬಾಯಿಗೆ ಬೀಗ ಇಲ್ಲ. ನಗುನಗುತ್ತಾ ಅತ್ತಿಗೆಗೇ ಹೇಳಿದ: "ನಿಮ್ಮನ್ನ ಯಾಕೆ ಕರ್ಕೊಂಡು ಬರ್ಲಿಲ್ಲ ಅಂತ ಕೇಳ್ದೆ ಕಣಮ್ಮ. ಅವಳು ಬರೀ ಉಜ್ಜೋಳು, ದೋಣಿ ವಿಷಯ ಅವಳಿಗೇನು ಗೊತ್ತು ಅಂದ್ರು."

ಅಣ್ಣ ಪಕ್ಕದಲ್ಲೇ ಹಗ್ಗ ಬಿಚ್ಚುತ್ತಿದ್ದ. ಇಲ್ಲ ಎನ್ನಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಗೋಡೆಯ ಈಚೆ ಬಟ್ಟೆ ಹರವುತ್ತಿದ್ದ ನನಗೇ ಮೈ ಉರಿಯಿತು, ಅವಳಿಗೆ ಹೇಗಾಗಿರಬೇಡ. ಅವಳು ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದು, ಗುಜರಿಯವನ ಎದುರಿಗೇ ದೋಣಿಯನ್ನು ಮೂತಿಯಿಂದ ಹಿಂಭಾಗದವರೆಗೆ ತಟ್ಟಿದಳು. ಮೂತಿಯ ಕೆಳಗೆ ಬಂಡೆಗೆ ಬಡಿದು ತಟ್ಟೆಯಗಲ ಒಡೆದಿತ್ತು, ಅದು ಎಲ್ಲರಿಗೂ ಕಾಣುತ್ತಿತ್ತು. ಉಳಿದದ್ದೆಲ್ಲ ಗಟ್ಟಿ. ಅದು ಕೆಟ್ಟ ದೋಣಿಯಾಗಿದ್ದರೆ ಅವಳು ಬೈದು ಮುಗಿಸುತ್ತಿದ್ದಳು. ದೋಣಿ ಒಳ್ಳೆಯದಿತ್ತು, ಹಾಗಾಗಿ ಬೈಯಲು ಏನೂ ಸಿಗಲಿಲ್ಲ. ಅವಳು ಬಾಯಿ ಮುಚ್ಚಿದ್ದು ಆಗ.

ಈಗ ಅವರ ಕೆಲಸದ ಒಂದು ರೀತಿಯನ್ನು ಹೇಳದೆ ಮುಂದೆ ಹೋಗಲಾಗದು. ರೆಸಿನ್ ಎಂದರೆ ಜೇನಿನಷ್ಟು ಮಂದವಾದ ಅಂಟು, ಮ್ಯಾಟನ್ನು ಒಡೆದ ಕಡೆ ತೇಪೆಯಾಗಿ ಕೂರಿಸುವುದು ಇದರಿಂದಲೇ. ಅದಕ್ಕೆ ಅಳೆದು ಸ್ವಲ್ಪ ಹಾರ್ಡನರ್ ಹಾಕಿದರೆ ಕಲ್ಲಾಗುತ್ತದೆ. ಹಾರ್ಡನರ್ ಕಡಿಮೆಯಾದರೆ ಅಂಟಂಟಾಗಿಯೇ ಉಳಿಯುತ್ತದೆ. ಹೆಚ್ಚಾದರೆ ತನ್ನಷ್ಟಕ್ಕೆ ಕಾದು, ನೋಡಲು ಕಲ್ಲಿನ ಹಾಗೇ ಆಗಿ, ಪೆಟ್ಟು ಬಿದ್ದಾಗ ಒಣ ಕಡ್ಡಿಯ ಹಾಗೆ ಮುರಿಯುತ್ತದೆ. ಹಾರ್ಡನರ್ ನೀರಿನಷ್ಟೇ ತಿಳಿ, ಹಾಕಿದ್ದಾರೋ ಇಲ್ಲವೋ ನೋಡಿ ಹೇಳಲಾಗದು. ಅದಕ್ಕೇ ಇಬ್ಬರಲ್ಲಿ ಯಾರು ಹಾಕಿದರೂ ಗಟ್ಟಿಯಾಗಿ "ಹಾಕಿದೆ" ಎನ್ನಬೇಕು, ಇನ್ನೊಬ್ಬರು "ಹ್ಞೂಂ" ಎನ್ನಬೇಕು. ನಾನು ಅಡುಗೆಮನೆಯಲ್ಲಿ ಕೂತೇ ಎಷ್ಟು ಸಲ ಈ ಹಾಕಿದೆ-ಹ್ಞೂಂ ಕೇಳಿದ್ದೇನೋ. ಇನ್ನೊಂದು, ಕಲಸಿದ ರೆಸಿನ್ ಮಿಕ್ಕ ಪ್ಲಾಸ್ಟಿಕ್ ಲೋಟವನ್ನು ಎಸೆಯುವಂತಿಲ್ಲ. ಶೆಡ್ಡಿನ ಅಡ್ಡಪಟ್ಟಿಯ ಮೇಲೆ ಇಡಬೇಕು. ಮಾರನೆಯ ದಿನ ಅತ್ತಿಗೆ ಆ ಲೋಟವನ್ನು ಒತ್ತಿ, ತಟ್ಟಿ, ಬೆಳಕಿಗೆ ಹಿಡಿದು ನೋಡುತ್ತಾಳೆ. ಲೋಟದೊಳಗೆ ಹೇಗಿದೆಯೋ ತೇಪೆಯೊಳಗೂ ಹಾಗೆಯೇ ಎಂದು ಅವಳ ಲೆಕ್ಕ. ಅವಳು ಸರಿ ಎನ್ನುವ ತನಕ ದೋಣಿ ನೀರಿಗೆ ಇಳಿಯುವಂತಿಲ್ಲ.

ನೀಲಿ ದೋಣಿಗೆ ತೇಪೆ ಹಾಕಿದ ದಿನ ಶೆಡ್ಡಿನಿಂದ ಹಾಕಿದೆಯೂ ಕೇಳಿಸಲಿಲ್ಲ, ಹ್ಞೂಂ ಕೂಡ ಕೇಳಿಸಲಿಲ್ಲ. ಗ್ರೈಂಡರಿನ ಸದ್ದು, ಬ್ರಷ್ಷಿನ ಸದ್ದು, ಅಷ್ಟೇ. ಇವರ ಬಿಗುಮಾನ ನೋಡಿ ನನಗೆ ನಗು ಬಂದಿತ್ತು.

ಅದಾಗಿ ಮೂರ್ನಾಲ್ಕು ದಿನಕ್ಕೆ ಅತ್ತಿಗೆ ರೆಸಿನ್ ತರಲು ಪೇಟೆಗೆ ಹೋದಳು. ಅವಳು ಅತ್ತ ಹೋದದ್ದೇ ತಡ, ಅಣ್ಣ ನಮ್ಮ ಬಾಗಿಲಿಗೆ ಬಂದು ನಮ್ಮೆಜಮಾನರನ್ನು ಕರೆದ. ದೋಣಿಯನ್ನು ಆಚೆ ದಡದವರೆಗೆ ಒಂದು ಸುತ್ತು ಓಡಿಸಿ ನೋಡೋಣ ಬನ್ನಿ ಭಾವ ಎಂದ. ಅತ್ತಿಗೆ ನೋಡಿ ಆಯಿತೇ ಎಂದು ನಾನು ಕೇಳಿದೆ. ನಿನಗೂ ಅವಳನ್ನೇ ಕೇಳಬೇಕಾ ಎಂದು ಗುರ್ ಎಂದ. ನಮ್ಮೆಜಮಾನರಿಗೆ ಮೋಜು ಎಂದರೆ ಮುಗಿಯಿತು, ಚಪ್ಪಲಿ ಹಾಕಿಕೊಳ್ಳಲೂ ಪುರುಸೊತ್ತಿಲ್ಲದೆ ಹೊರಟರು. ನೀರಿನ ಮೇಲೆ ಬದುಕುವ ಅಣ್ಣನಿಗೆ ಈಜು ಬರುವುದಿಲ್ಲ. ನಮ್ಮೆಜಮಾನರು ಈಜುತ್ತೇನೆ ಎನ್ನುತ್ತಾರೆ, ಕಂಡವರಿಲ್ಲ. ತೇಲುವ ಜಾಕೆಟ್ಟುಗಳು ಎರಡು ಇದ್ದವು. ದೋಣಿ ಉಜ್ಜುವಾಗ ಅವನ್ನು ಮೊಣಕಾಲಿನ ಕೆಳಗೆ ಹಾಕಿಕೊಂಡು ಅಪ್ಪಚ್ಚಿ ಮಾಡಿ ಶೆಡ್ಡಿನಲ್ಲೇ ಬಿಟ್ಟಿದ್ದರು.

ಅತ್ತಿಗೆ ಡಬ್ಬಿ ಹೊತ್ತುಕೊಂಡು ಬಂದವಳು ಶೆಡ್ಡು ಖಾಲಿಯಿರುವುದನ್ನು ನೋಡಿ ನಿಂತಳು. ಡಬ್ಬಿ ಇಳಿಸಿ ನೇರ ಅಡ್ಡಪಟ್ಟಿಯ ಹತ್ತಿರ ಹೋದಳು. ಮುನಿಸಿನಲ್ಲಿ ಅಷ್ಟು ದಿನ ಅವಳು ನೋಡದೆ ಬಿಟ್ಟಿದ್ದ ಲೋಟ ಅಲ್ಲಿ ಇರಲಿಲ್ಲ. ಬೆಂಚಿನ ಕೆಳಗೆ ನೋಡಿದಳು, ಚೀಲಗಳನ್ನು ಸರಿಸಿದಳು. ಏನು ಹುಡುಕುತ್ತಿದ್ದೀರಿ ಅತ್ತಿಗೆ ಎನ್ನುತ್ತಾ ನಾನೂ ಶೆಡ್ಡಿಗೆ ಹೋದೆ. ಕೊನೆಗೆ ಡ್ರಮ್ಮಿನ ಹಿಂದಿನಿಂದ ಅದನ್ನು ಎತ್ತಿದಳು. ಅಣ್ಣ ಸಿಟ್ಟಿನಲ್ಲಿ ಬಿಸಾಕಿದ್ದಿರಬೇಕು. ಬಾಗಿಲಿನ ಬೆಳಕಿಗೆ ಹಿಡಿದಳು. ಒಳಗಿನ ರೆಸಿನ್ ಕಡು ಚಹಾದ ಬಣ್ಣಕ್ಕೆ ತಿರುಗಿತ್ತು, ಮೇಲಿನಿಂದ ಬುಡದವರೆಗೆ ಸೀಳು ಬಿಟ್ಟಿತ್ತು. ಬೆರಳಿನಿಂದ ಹಿಂಡಿದಳು. ಲಟಕ್ಕೆಂದು ಎರಡು ಹೋಳಾಯಿತು.

ಹೋಳುಗಳನ್ನು ನನ್ನ ಕಡೆ ಚಾಚಿದಳು. "ಅವರೂ ಹಾಕಿದ್ದಾರೆ," ಎಂದಳು.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವಳು ಅಳತೆಯಂತೆ ಹಾರ್ಡನರ್ ಹಾಕಿದ್ದಳು, ಬಿಗುಮಾನಕ್ಕೆ ಹೇಳಲಿಲ್ಲ. ಮ್ಯಾಟ್ ಕತ್ತರಿಸಲು ಆ ಕಡೆ ತಿರುಗಿದಾಗ ಅಣ್ಣ, ಸಿಟ್ಟಿನಲ್ಲಿ ಇವಳು ಮರೆತಳು ಎಂದುಕೊಂಡು, ತಾನೂ ಇನ್ನೊಂದು ಅಳತೆ ಹಾಕಿದ್ದ. ಅವನೂ ಹೇಳಲಿಲ್ಲ. ಅಂಟು ಬೇಗ ಬೇಗ ಬಿಗಿಯತೊಡಗಿದಾಗ ಬಿಸಿಲು ಜಾಸ್ತಿ ಎಂದು ಅವಳು ಅಂದುಕೊಂಡಳು. ಅವನೂ ಅದನ್ನೇ ಅಂದುಕೊಂಡಿರಬೇಕು. ನನಗೆ ನಗು ಬಂದಿದ್ದು ಇದಕ್ಕೆ.

ನಾವಿಬ್ಬರೂ ಇಳಿಜಾರಿಗೆ ಓಡಿದೆವು. ದೋಣಿ ಆಗಲೇ ಆಚೆ ದಡ ಮುಟ್ಟಿ ತಿರುಗಿತ್ತು. ನಡುನೀರಿಗೂ ಆಚೆ ನೀಲಿ ಚುಕ್ಕೆಯಾಗಿ ಕಾಣುತ್ತಿತ್ತು. ಮಧ್ಯಾಹ್ನದ ಗಾಳಿ ಎದ್ದು ಅಲೆಗಳು ಸಾಲಾಗಿ ಬರುತ್ತಿದ್ದವು. ಬೇರೆ ದೋಣಿಗಳು ಬೆಳಿಗ್ಗೆಯೇ ದೂರ ಹೋಗಿದ್ದವು. ದಡದಲ್ಲಿದ್ದ ಒಂದೇ ಒಂದರ ಇಂಜಿನನ್ನು ಮೆಕ್ಯಾನಿಕ್ ಬಿಚ್ಚಿ ಹರವಿಕೊಂಡು ಕೂತಿದ್ದ. ಅಣ್ಣ ದೋಣಿಯನ್ನು ಪೂರ್ತಿ ವೇಗದಲ್ಲಿ ಓಡಿಸುತ್ತಿದ್ದ. ಪ್ರತಿ ಅಲೆಗೂ ಅದರ ಮೂತಿ ಎದ್ದು, ನೀರಿನ ಮೇಲೆ ಬಡಿಯುತ್ತಿತ್ತು. ಬಡಿತದ ಸದ್ದು ತಡವಾಗಿ ನಮ್ಮವರೆಗೆ ಬರುತ್ತಿತ್ತು. ಒಂದೊಂದು ಬಡಿತವೂ ಆ ತೇಪೆಯ ಮೇಲೆಯೇ.

ನಾನು ಎರಡೂ ಕೈ ಎತ್ತಿ ಬೀಸಿ ಕೂಗಿದೆ. ದೋಣಿಯ ಮೇಲಿಂದ ಒಂದು ಕೈ ಎದ್ದು ತಿರುಗಿ ಬೀಸಿತು. ನಮ್ಮೆಜಮಾನರು, ಮತ್ಯಾರು. ಟಾಟಾ ಮಾಡಿದರು.

"ಫೋನ್ ಮಾಡಿ," ಎಂದಳು ಅತ್ತಿಗೆ. ಅಣ್ಣನ ಫೋನು ಶೆಡ್ಡಿನಲ್ಲೇ ಚಾರ್ಜಿಗೆ ಹಾಕಿತ್ತು. ನಮ್ಮೆಜಮಾನರ ನಂಬರಿಗೆ ಹಚ್ಚಿದೆ. ಹೊಡೆದುಕೊಂಡು ನಿಂತಿತು. ಇಂಜಿನಿನ ಸದ್ದಿನಲ್ಲಿ ಅವರಿಗೆ ಎಲ್ಲಿ ಕೇಳಬೇಕು. ಮತ್ತೆ ಹಚ್ಚಿದೆ. ಗಾಬರಿಯಲ್ಲಿ ಮೂರನೆಯ ಸಲ ಹಾಲಿನವನಿಗೆ ಹೋಯಿತು. ನಾಲ್ಕನೆಯ ಸಲ ಎತ್ತಿದರು. ಹಲೋ ಅನ್ನಲಿಲ್ಲ. ಅವರ ದನಿಯಲ್ಲಿ ಮೋಜು ಇರಲಿಲ್ಲ.

"ಏನೇ, ಇಲ್ಲಿ ಮುಂದೆ ನೀರು ಜಿನುಗ್ತಾ ಇದೆ ಕಣೇ. ನಿಮ್ಮಣ್ಣ ಬೇಗ ದಡ ಸೇರ್ಬೇಕು ಅಂತ ಜೋರಾಗಿ ಬಿಡ್ತಿದ್ದಾನೆ."

ದೋಣಿ ಬೇಗ ಬಂದಷ್ಟೂ ಬೇಗ ಒಡೆಯುತ್ತದೆ ಎಂದು ಅಣ್ಣನಿಗೆ ಗೊತ್ತಿಲ್ಲ. ತೇಪೆ ಗಟ್ಟಿಯಿದೆ, ಅಂಚಿನಲ್ಲಿ ಎಲ್ಲೋ ಸಣ್ಣ ಬಿರುಕು ಎಂದೇ ಅವನ ನಂಬಿಕೆ. ನಿಧಾನ ಮಾಡು ಎಂದು ನಾನು ಹೇಳಿದರೆ ಅವನು ಕೇಳುವವನೂ ಅಲ್ಲ. ಚಿಕ್ಕಂದಿನಿಂದ ಕೇಳಿದವನಲ್ಲ. ನಾನು ಫೋನನ್ನು ಅತ್ತಿಗೆಯ ಕಡೆ ಚಾಚಿದೆ. ಅವಳು ಅದನ್ನು ನೋಡಿದಳು. ಒಂದೇ ಕ್ಷಣ ಇರಬೇಕು, ನನಗೆ ಯುಗವಾಯಿತು. ಇವಳು ಈಗಲೂ ಬಾಯಿ ಬಿಡದಿದ್ದರೆ ಈ ಜನ್ಮದಲ್ಲಿ ಇವಳನ್ನು ಕ್ಷಮಿಸುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಫೋನು ಕಿತ್ತುಕೊಂಡು, ಅವರಿಗೆ ಕೊಡಿ ಎಂದಳು. ಆಮೇಲೆ, ಗಟ್ಟಿಯಾಗಿ, ಶೆಡ್ಡಿನಲ್ಲಿ ಹೇಳುವ ದನಿಯಲ್ಲೇ:

"ಹಾರ್ಡನರ್ ನಾನೂ ಹಾಕಿದ್ದೆ ಕಣ್ರೀ."

ಆ ಕಡೆಯಿಂದ ಇಂಜಿನಿನ ಸದ್ದು, ಗಾಳಿಯ ಸದ್ದು. ನೀರಿನ ಮೇಲೆ ನೀಲಿ ದೋಣಿಯ ಮೂತಿ ನಿಧಾನಕ್ಕೆ ತಗ್ಗಿತು, ಬಡಿತ ನಿಂತಿತು. ಬೇರೆ ಯಾರು ಏನು ಹೇಳಿದರೂ ಅವನು ವೇಗ ತಗ್ಗಿಸುತ್ತಿರಲಿಲ್ಲ. ಯಾರೂ ಬಿಡಿಸಿ ಹೇಳದೆ ಆ ಮಾತಿನ ಅರ್ಥ ತಿಳಿಯುವವನು ಪ್ರಪಂಚದಲ್ಲಿ ಅವನೊಬ್ಬನೇ ಇದ್ದ.

ಮುಂದಿನದ್ದನ್ನೆಲ್ಲ ಅವಳು ದಡದಿಂದ ನಡೆಸಿದಳು. ಇಬ್ಬರೂ ಹಿಂದಕ್ಕೆ ಬಂದು ಇಂಜಿನಿನ ಪಕ್ಕ ಒತ್ತಾಗಿ ಕೂರಬೇಕು, ಆಗ ಮೂತಿ ಸ್ವಲ್ಪ ಮೇಲೆದ್ದಿರುತ್ತದೆ. ಅಲೆಗೆ ಎದುರು ಬರಬಾರದು, ಓರೆಯಾಗಿ ಬರಬೇಕು. ತೇಪೆಯನ್ನು ಮುಟ್ಟಬಾರದು, ಅದಕ್ಕೆ ಏನನ್ನೂ ತುರುಕಲೂ ಬಾರದು. ಪೆಟ್ರೋಲಿನ ಡಬ್ಬಿಯ ಮುಚ್ಚಳವೋ ಏನು ಸಿಕ್ಕರೂ ಭಾವ ನೀರು ಮೊಗೆಯುತ್ತಿರಬೇಕು. ಅವಳ ದನಿ ಒಮ್ಮೆಯೂ ಏರಲಿಲ್ಲ. ನಾನು ಕಂಡ ದೇವರಿಗೆಲ್ಲ ಹರಕೆ ಹೇಳುತ್ತಾ ನಿಂತಿದ್ದೆ. ನಡೆದು ಬಂದರೂ ಇದಕ್ಕಿಂತ ಬೇಗ ಬರಬಹುದಿತ್ತು ಎನ್ನುವಷ್ಟು ನಿಧಾನವಾಗಿ ಆ ದೋಣಿ ಬಂತು. ನಮ್ಮೆಜಮಾನರ ಬೆನ್ನು ಬಗ್ಗುವುದು ಏಳುವುದು ಕಾಣತೊಡಗಿತು. ಮೊಗೆದು ಚೆಲ್ಲುವುದಕ್ಕಿಂತ ಒಳಗೆ ಬರುವುದೇ ಹೆಚ್ಚಾಗುತ್ತಿತ್ತು. ದೋಣಿ ಹಿಂದಿನಿಂದ ಕೆಳಗೆ ಕೆಳಗೆ ಕೂರುತ್ತಿತ್ತು.

ದಡ ಇನ್ನು ಕಲ್ಲೆಸೆತದಷ್ಟು ದೂರ ಇರುವಾಗ ಒಂದು ಅಲೆ ಪಕ್ಕದಿಂದ ಎತ್ತಿ ಬಿಸಾಕಿತು. ಆ ಲಟ್ ಎಂಬ ಸದ್ದು ನನಗೂ ಕೇಳಿಸಿತು. ಅತ್ತಿಗೆ ಫೋನನ್ನು ನನ್ನ ಕೈಗೆ ತುರುಕಿ ನೀರಿಗೆ ಇಳಿದಳು. ಅವಳಿಗೂ ಈಜು ಬರುವುದಿಲ್ಲ, ಹೇಳಿದೆನೋ ಇಲ್ಲವೋ. ಮೊಣಕಾಲು, ಸೊಂಟ, ಎದೆ. ಕಾಲಿಗೆ ನೆಲ ಸಿಗುತ್ತದೋ ಇಲ್ಲವೋ ಎಂದು ತಡವುತ್ತಾ ನಡೆದಳು.

"ಬರ್ಬೇಡ ಕಣೇ, ಆಳ ಇದೆ," ಎಂದು ಅಣ್ಣ ದೋಣಿಯಿಂದ ಕೂಗಿದ. ಎರಡು ವಾರದಲ್ಲಿ ಅವಳಿಗೆ ಅವನು ನೇರವಾಗಿ ಆಡಿದ ಮೊದಲ ಮಾತು ಅದು.

ಅವಳು ಕೇಳಿಸಿಕೊಂಡಳೋ ಇಲ್ಲವೋ, ನಿಲ್ಲಲಿಲ್ಲ. ದೋಣಿಯ ಮೂತಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಅದರ ಕೆಳಗೆ ಹಾಕಿದಳು. ತೇಪೆಯ ಒಂದು ಹೋಳು ಉದುರಿ ಅಂಗೈಯಗಲ ಬಾಯಿ ಬಿಟ್ಟಿತ್ತು. ಆ ಬಾಯಿಗೆ ಅಂಗೈ ಕೊಟ್ಟು ಒತ್ತಿ ಹಿಡಿದಳು. ನೀರೇ ಅವಳ ಕೈಯನ್ನು ಒಳಗೆ ಎಳೆದು ಕೂರಿಸಿತಂತೆ. ಇಂಜಿನ್ ನಿಂತಿತು. ಅವಳು ಹಿಂದೆ ಹಿಂದೆ ಹೆಜ್ಜೆ ಇಡುತ್ತಾ, ಗದ್ದದವರೆಗೆ ನೀರು ಬಡಿಸಿಕೊಳ್ಳುತ್ತಾ, ಎರಡು ಗಂಡಾಳುಗಳನ್ನು ಹೊತ್ತ ದೋಣಿಯನ್ನು ದಡಕ್ಕೆ ತಂದಳು. ಮೆಕ್ಯಾನಿಕ್ ಓಡಿಬಂದ, ನಾನೂ ಇಳಿದೆ, ಎಲ್ಲರೂ ಸೇರಿ ಎಳೆದೆವು.

ನಮ್ಮೆಜಮಾನರು ಇಳಿದವರೇ ಮರಳಿನ ಮೇಲೆ ಕೂತುಬಿಟ್ಟರು. ನಾನು ಅವರಿಗೆ ಬಾಯಿಗೆ ಬಂದದ್ದನ್ನೆಲ್ಲ ಬೈದೆ, ಬೈಯುತ್ತಲೇ ಅತ್ತೆ. ದೋಣಿ ನೆಲ ಮುಟ್ಟಿತ್ತು, ವಾಲಿಕೊಂಡಿತ್ತು, ಆದರೂ ಅತ್ತಿಗೆ ಆ ತೂತಿನಿಂದ ಕೈ ತೆಗೆದಿರಲಿಲ್ಲ. ಅಣ್ಣ ಅವಳ ಪಕ್ಕ ಕೂತು ಮಣಿಕಟ್ಟು ಹಿಡಿದು ಮೆಲ್ಲಗೆ ಬಿಡಿಸಿದ. ಅಂಗೈ ತುಂಬ ಗಾಜಿನ ನಾರು ಮುರಿದು ಚುಚ್ಚಿಕೊಂಡಿತ್ತು. ರಕ್ತ ಎಳೆ ಎಳೆಯಾಗಿ ಇಳಿಯುತ್ತಿತ್ತು.

ಮನೆಯ ಹಿಂದಿನ ಮೆಟ್ಟಿಲಿನ ಮೇಲೆ ಅವಳನ್ನು ಕೂರಿಸಿ ಅಣ್ಣ ಚಿಮುಟ ತಂದ. ಇಬ್ಬರ ಬಟ್ಟೆಯಿಂದಲೂ ನೀರು ಸೋರುತ್ತಿತ್ತು. ನಾನು ಅರಿಶಿನ ಕಲಸುವ ನೆಪದಲ್ಲಿ ಅಲ್ಲೇ ನಿಂತೆ. ಹೋಗುವ ಮನಸ್ಸಿರಲಿಲ್ಲ, ಸುಳ್ಳೇಕೆ. ಅವನು ಒಂದೊಂದೇ ನಾರನ್ನು ಹುಡುಕಿ ಕೀಳುತ್ತಿದ್ದ. ಅವಳು ಹಲ್ಲು ಕಚ್ಚಿಕೊಂಡು ಕೂತಿದ್ದಳು. ಕೈ ಚಾಚಿದ ಹಾಗೆಯೇ ಕೇಳಿದಳು.

"ಬರೀ ಉಜ್ಜೋಳು ಅಂದ್ರಂತೆ."

"ಅಂದೆ."

"ಯಾಕೆ?"

ಅಣ್ಣ ಚಿಮುಟವನ್ನು ಕೈಯಲ್ಲೇ ಹಿಡಿದುಕೊಂಡು ಕೂತ. ಅವನು ಸುಳ್ಳು ಹೇಳುವಾಗ ಮೂಗು ತುರಿಸಿಕೊಳ್ಳುತ್ತಾನೆ, ಅದು ನನಗೆ ಗೊತ್ತು. ಆಗ ತುರಿಸಿಕೊಳ್ಳಲಿಲ್ಲ.

"ನೀನು ತಟ್ಟಿ ಹೇಳದೆ ನಂಗೆ ಒಂದು ದೋಣಿನೂ ಆರಿಸೋಕೆ ಬರಲ್ಲ. ಅದು ಅವನಿಗೆ ಗೊತ್ತಾಗೋದು ಬೇಡ ಅನ್ನಿಸ್ತು. ನಾಚ್ಕೆ ಆಯ್ತು ಕಣೇ. ತಪ್ಪಾಯ್ತು."

ನನ್ನ ಕಣ್ಣು ತುಂಬಿತು. ಇಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡೆ. ಅತ್ತಿಗೆ ಮಾತ್ರ ಕೈಯನ್ನು ಹಿಂದಕ್ಕೆ ಎಳೆದುಕೊಂಡು, ನಾನು ಕೊಟ್ಟ ಬಟ್ಟೆಯನ್ನು ಅದಕ್ಕೆ ತಾನೇ ಸುತ್ತಿಕೊಂಡಳು.

"ಹೋಗಿ ಅವನಿಗೆ ಹೇಳಿ ಬನ್ನಿ," ಎಂದಳು.

"ಯಾರಿಗೆ?"

"ಗುಜರಿಯವನಿಗೆ. ಈಗ ನಂಗೆ ಹೇಳಿದ್ರಲ್ಲ, ಅದನ್ನೇ."

ಅಣ್ಣ ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ನಾನು ಅರಿಶಿನದ ಬಟ್ಟಲನ್ನು ನೋಡುತ್ತಾ ನಿಂತೆ. ಬಟ್ಟೆ ಬದಲಿಸಿಕೊಂಡು ನಾಳೆ ಹೋಗುತ್ತೇನೆ ಎನ್ನುತ್ತಾನೆ ಎಂದು ಕಾದೆ. ಅವನು ಚಿಮುಟವನ್ನು ಮೆಟ್ಟಿಲಿನ ಮೇಲಿಟ್ಟು, ಒದ್ದೆ ಬಟ್ಟೆಯಲ್ಲೇ ಎದ್ದು, ಅಂಗಳ ದಾಟಿ, ಗುಜರಿಯವನ ಅಂಗಡಿಯ ದಾರಿ ಹಿಡಿದ.